ಮೈದುನನಿಗೆ ಕೊಟ್ಟಿದ್ದ ಕೀ

ಬೀಗದೊಳಗೆ ಕೀ ಎರಡು ಸುತ್ತು ತಿರುಗಿದ ಸದ್ದು: ಕಟಕ್, ಕಟಕ್. ಇವತ್ತಿಗೂ ಆ ಸದ್ದು ನೆನೆದರೆ ಮೈ ಉರಿಯುತ್ತದೆ. ಬಾಗಿಲು ಮುರಿದು ಬರುವ ಕಳ್ಳರ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಕೀ ಹಾಕಿ ತೆಗೆದು ಬರುವವರ ಬಗ್ಗೆ ಯಾರೂ ಬರೆದಿರಲಿಲ್ಲ.

ಸಂಜಯನಗರದ ನಮ್ಮ ಮನೆ, ಮಧ್ಯಾಹ್ನ. ಮಂಡಿನೋವೆಂದು ಭಜನೆಗೆ ಹೋಗದೆ ಅಡಿಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ಮುಂದಿನ ಹಾಲ್‌ನಲ್ಲಿ ಇಬ್ಬರು ಗಂಡಸರ ಶೂ ಸದ್ದು. ಕಿರುಚಲು ಬಾಯಿ ತೆರೆದೆ. ಆದರೆ "ಕಿರುಚಬೇಡ, ಪ್ರೊಜೆಕ್ಟ್ ಯುವರ್ ವಾಯ್ಸ್" ಎಂದು ಕಾನ್ವೆಂಟಿನ ಸಿಸ್ಟರ್ ತಿದ್ದಿ ಬೆಳೆಸಿದ ಗಂಟಲು ನನ್ನದು.

"ಅಲ್ಲೇ ನಿಂತ್ಕೊಳ್ಳಿ! ಒಂದು ಹೆಜ್ಜೆ ಮುಂದೆ ಇಟ್ರೆ ಪೊಲೀಸ್! ಬಂದ ದಾರೀಲೇ ಆಚೆ ನಡೀರಿ!"

ಶೂ ನಿಂತವು. ಧೈರ್ಯ ಬಂತು. ಒಳಕೋಣೆಯ ಕಡೆ ತಿರುಗಿ ಇನ್ನೂ ಜೋರಾಗಿ ಕೂಗಿದೆ: "ರೀ, ಎದ್ದು ಬನ್ನಿ! ಯಾರೋ ಒಳಗೆ ನುಗ್ಗಿದಾರೆ!"

ಒಂಟಿ ಹೆಂಗಸರೆಲ್ಲ ಆಡುವ ನಾಟಕವೇ. ಯಜಮಾನರು ಹೋದ ಮೇಲೆ ಆ "ರೀ" ನನ್ನ ಬಾಯಿಗೆ ಬಂದಿರಲಿಲ್ಲ. ಕೂಗಿದವಳು, ಹುಚ್ಚಿ ನಾನು, ಅವರ ಕೆಮ್ಮಿಗಾಗಿ ಒಂದು ಕ್ಷಣ ಕಾದೂಬಿಟ್ಟೆ.

ಕೆಮ್ಮಿನ ಬದಲು ನಗು ಕೇಳಿಸಿತು. "ಆಂಟಿ, ಕೂಲ್! ಅಂಕಲ್ ತೀರ್ಕೊಂಡ್ರಂತಲ್ಲ, ಇನ್ಯಾರನ್ನ ಕರೀತಿದೀರಾ? ನಾನು ಬ್ರೋಕರ್, ಇವ್ರು ಪಾರ್ಟಿ. ಮನೆ ನೋಡೋಕ್ ಬಂದ್ವಿ. ನಿಮ್ ಮೈದುನಾನೇ ಕೀ ಕೊಟ್ರು. ಈ ಟೈಮಲ್ಲಿ ನೀವು ಭಜನೆಗೆ ಹೋಗಿರ್ತೀರ, ಮನೇಲಿ ಯಾರೂ ಇರಲ್ಲ ಅಂದ್ರು."

ನಾನು ಬಚ್ಚಲಲ್ಲಿ ಜಾರಿ ಬಿದ್ದರೆ ಬಾಗಿಲು ತೆಗೆಯಲು ಒಬ್ಬರಾದರೂ ಇರಲೆಂದು ನಾನೇ ಅವನಿಗೆ ಕೊಟ್ಟಿದ್ದ ಕೀ ಅದು! ನನ್ನ ಹೆಸರಿನಲ್ಲಿರುವ ಮನೆ ಮಾರಿಸಿ, ನನ್ನನ್ನು ಸೀನಿಯರ್ ಸಿಟಿಜನ್ಸ್ ಹೋಮಿಗೆ ಸೇರಿಸಬೇಕೆಂದು ಪೀಡಿಸುತ್ತಿದ್ದ. ನೋ ಎಂದಿದ್ದೆ. ಈಗ ನಾನು ಒಂಟಿ ಎಂಬುದನ್ನೂ, ನನ್ನ ಭಜನೆಯ ವೇಳೆಯನ್ನೂ ಕಂಡಕಂಡವರಿಗೆ ಹಂಚಿದ್ದಾನೆ. ಎಷ್ಟು ಸೊಕ್ಕು, ದಿ ಚೀಕ್!

"ಗೆಟ್ ಔಟ್!" ಎಂದು ಹಾಲ್‌ಗೆ ನುಗ್ಗಿದೆ. ಕೈಯಲ್ಲಿದ್ದ ಬೋಗುಣಿಯನ್ನು ಅವರ ಮುಖಕ್ಕೆ ಎಸೆಯದೆ ಉಳಿಸಿದ್ದು ಬರೀ ಅವರೆಕಾಳಿನ ಮೇಲಿನ ಮರುಕಕ್ಕೆ. ಇಬ್ಬರೂ ಓಡಿದರು.

ಮಾರನೆಯ ಬೆಳಿಗ್ಗೆಯೇ ಬೀಗ ಬದಲಾಯಿಸಿದೆ. ಸಂಜೆ ಮೈದುನ ಬಂದ. ಬೆಲ್ ಕೂಡ ಒತ್ತದೆ ಹಳೆಯ ಕೀ ತೂರಿಸಿ ತಿರುಗಿಸಿದ. ಅದು ತಿರುಗಲಿಲ್ಲ. ನಾನು ಕಿಟಕಿಯಲ್ಲೇ ನಿಂತಿದ್ದೆ.

"ಅಲ್ಲೇ ನಿಂತ್ಕೋ. ಒಂದು ಹೆಜ್ಜೆ ಮುಂದೆ ಇಟ್ರೆ ಪೊಲೀಸ್. ಬಂದ ದಾರೀಲೇ ಆಚೆ ನಡಿ."

"ಅತ್ತಿಗೆ, ನಾನು ಕಣ್ರೀ!"

"ಗೊತ್ತು ಕಣೋ. ನೀನೇ ಅಂತ ನೋಡೇ ಹೇಳ್ತಿರೋದು."

ಹಿಂದಿನಿಂದ ಅವನ ನಡಿಗೆ ಥೇಟ್ ಯಜಮಾನರದೇ. ಗೇಟು ದಾಟುವವರೆಗೂ ನೋಡಿದೆ. ಆಮೇಲೆ ಅವನನ್ನು ನೋಡಿಲ್ಲ.