ಕುಂಕುಮ ಹಚ್ಚಿದ ಡಬ್ಬಗಳು

ಕೆ.ಆರ್. ಪುರಂನ ನಮ್ಮ ಗೋಡೌನ್ ಒಂದು ಕಾಲಕ್ಕೆ ದನದ ಕೊಟ್ಟಿಗೆ. ಮೊಬೈಲ್ ಟವರುಗಳಿಂದ ಇಳಿಸಿದ, ಸಿಗ್ನಲ್ ಕೊಡುವ ಹಳೇ ಡಬ್ಬಗಳು ಅಲ್ಲಿಗೆ ಬರುತ್ತವೆ. ಒರೆಸಿ, ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿದರೆ ಇನ್ನೊಂದು ಟವರ್ ಹತ್ತುತ್ತವೆ. ಜೀವ ಬರದಿದ್ದರೆ ಲಾರಿ ಹತ್ತಿ ಪುಡಿಯಾಗಲು ಹೋಗುತ್ತವೆ. ಪರೀಕ್ಷೆಯ ಮೇಜು ನನ್ನದು. ಕಲಬುರಗಿ ಕಡೆಯಿಂದ ಬಂದು ಕಮ್ಮನಹಳ್ಳಿಯ ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ನನಗೆ ಆ ಮೇಜೆಂದರೆ ಎಷ್ಟು ಮೋಹವೆಂದರೆ, ರಜೆ ಕೊಟ್ಟರೆ ಸಿಟ್ಟು ಬರುತ್ತಿತ್ತು.

ಆ ದಸರೆಗೆ ಮುಂಚಿನ ವಾರ ಡಬ್ಬಗಳು ಒಂದರ ಹಿಂದೊಂದು ಕೈಕೊಟ್ಟವು. ಯಾವುದಕ್ಕೂ ದೀಪವೇ ಹತ್ತಲಿಲ್ಲ. ಮ್ಯಾನೇಜರ್ ಸಮಾಧಾನದಿಂದಲೇ ಹೇಳಿದರು: "ಈ ಲಾಟ್ ಪುಡಿಗೆ ಹೋಗ್ಲಿ. ಆಮೇಲೆ ಟೆಸ್ಟಿಂಗ್ ನಿಲ್ಲಿಸ್ಬಿಡೋಣ. ನೀವು ಸ್ಕ್ರೂ ಬಿಚ್ಚೋ ಕಡೆ ಬನ್ನಿ."

ಆ ಮೇಜು ಬಿಟ್ಟು ನಾನೆಲ್ಲಿಗೆ ಹೋಗಲಿ?

ಆಯುಧಪೂಜೆಯ ದಿನ ಜಾಗದ ಓನರಮ್ಮ ತಟ್ಟೆ ಹಿಡಿದು ಬಂದರು. ಅದೇ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಹಸುಗಳಿಗೆ ಕುಂಕುಮ ಹಚ್ಚಿದ ಕೈ ಅದು, ಸುಮ್ಮನಿರುತ್ತದೆಯೇ? ಸ್ಕ್ರೂಡ್ರೈವರ್, ಮೇಜು, ಡಬ್ಬಗಳಿಗೆ ಚುಚ್ಚಿ ಪರೀಕ್ಷಿಸುವ ನನ್ನ ಟೆಸ್ಟ್ ಕೇಬಲ್, ಕೊನೆಗೆ ಪುಡಿಗೆಂದು ಬಾಗಿಲಲ್ಲಿ ಪೇರಿಸಿದ್ದ ಡಬ್ಬಗಳಿಗೂ ಒಂದೊಂದು ಬೊಟ್ಟು ಇಟ್ಟರು.

"ಅವು ಸ್ಕ್ರ್ಯಾಪಿಗೆ ಹೋಗೋವು ರೀ ಅಮ್ಮಾ," ಎಂದೆ.

"ಇಷ್ಟ್ ವರ್ಷ ದುಡಿದಿಲ್ವಾ? ಸುಮ್ನಿರು."

ಸಂಜೆ ಲಾರಿ ಬಂತು. ಡ್ರೈವರ್ ಬೊಟ್ಟು ನೋಡಿ ಕೈಕಟ್ಟಿ ನಿಂತ. "ಪೂಜೆ ಮಾಡಿರೋದನ್ನ ಇವತ್ತು ಪುಡಿ ಮಾಡೋಕಾಗಲ್ಲ ಸಾರ್. ನಾಳೆ ಮಧ್ಯಾಹ್ನ ಬರ್ತೀನಿ." ಮ್ಯಾನೇಜರ್ ತಲೆ ಕೆರೆದುಕೊಂಡು ಒಪ್ಪಿದರು.

ಮರುದಿನ ಮೊದಲ ಬಸ್ಸಿಗೇ ಹೋದೆ. ಒಂದಕ್ಕಾದರೂ ಜೀವ ಬರಿಸಬೇಕೆಂಬ ಹಠ. ಓನರಮ್ಮ ಟೆಸ್ಟ್ ಕೇಬಲ್ಲಿಗೆ ಚೆಂಡುಹೂವನ್ನು ಮೂರು ಗಂಟು ಹಾಕಿ ಬಿಗಿದಿದ್ದರು. ಬಿಚ್ಚುವ ತಾಳ್ಮೆ ನನಗೆಲ್ಲಿ? ಗೊಣಗುತ್ತ ಡ್ರಾಯರಿನಿಂದ ಹೊಸ ಕೇಬಲ್ ತೆಗೆದು ಚುಚ್ಚಿದೆ. ಹಸಿರು ದೀಪ ಹತ್ತಿತು. ಎರಡನೆಯ ಡಬ್ಬಕ್ಕೂ ಹತ್ತಿತು. ಮೂರನೆಯದಕ್ಕೂ.

ಡಬ್ಬಗಳು ಕೆಟ್ಟೇ ಇರಲಿಲ್ಲ. ಕೆಟ್ಟಿದ್ದು ನನ್ನ ಕೇಬಲ್. ಅದು ತುಂಡಾದಾಗ ಎಸೆಯಲು ಮನಸ್ಸಾಗದೆ ನಾನೇ ಬೆಸುಗೆ ಹಾಕಿ ಉಳಿಸಿಕೊಂಡಿದ್ದೆ. ನಾಚಿಕೆಯಿಂದ ಮುಖ ಬಿಸಿಯಾಯಿತು, ಜೊತೆಗೆ ಕುಣಿಯುವಷ್ಟು ಖುಷಿ.

ಮ್ಯಾನೇಜರ್ ಬಂದಾಗ ಏನನ್ನೂ ಮುಚ್ಚಿಡದೆ ಹೇಳಿದೆ. ಅವರು ಸಾಲು ದೀಪಗಳನ್ನು ನೋಡಿದರು, ಲಾರಿಯವನಿಗೆ ಬರಬೇಡವೆಂದು ಫೋನ್ ಮಾಡಿದರು. ಆಮೇಲೆ ನಗು ತಡೆಯಲಾರದೆ, "ಮೇಜು ನಿಮ್ದೇ ಕಣ್ರೀ. ಆ ಕೇಬಲ್ ಮಾತ್ರ ಮೊದ್ಲು ಎಸೀರಿ," ಎಂದರು.

ಎತ್ತಿಕೊಂಡು ಸ್ಕ್ರ್ಯಾಪ್ ಬುಟ್ಟಿಯ ತನಕ ಹೋದೆ. ಕೇಬಲ್ಲಿನ ಮೇಲೂ ಕುಂಕುಮವಿತ್ತು. ವಾಪಸ್ ತಂದು ನನ್ನ ಮೇಜಿನ ಹಿಂದಿನ ಮೊಳೆಗೆ ನೇತುಹಾಕಿದೆ. ಆ ಗಂಟನ್ನು ಇವತ್ತಿಗೂ ಬಿಚ್ಚಿಲ್ಲ.