ಲಂಗರಿನ ಗುಂಡಿಗಳು

ಮೈಮೇಲೆ ಬರುವುದು, ಸತ್ತವರು ಇನ್ನೊಬ್ಬರ ಬಾಯಿಂದ ಮಾತಾಡುವುದು, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಓಣಿಯಲ್ಲಿ ಯಾರಾದರೂ ತಲೆ ತೂಗುತ್ತ ಹೇಳಿಕೆ ಕೊಡಲು ಶುರು ಮಾಡಿದರೆ ನಾನು ಎದ್ದು ಬೀಡಿ ಹಚ್ಚಿಕೊಂಡು ಹೊರಗೆ ಹೋಗುವವನು. ಈಗ ನಂಬುತ್ತೀಯಾ ಎಂದು ಕೇಳಿದರೆ ಏನೂ ಹೇಳಲಾರೆ. ನಡೆದದ್ದನ್ನು ಬರೆಯುತ್ತೇನೆ. ಅದರಲ್ಲಿ ಒಂದು ಭಾಗ ನನಗೇ ಗೊತ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಮುಂಬಯಿಯಲ್ಲಿ ನೌಕಾಪಡೆಯ ಬಟ್ಟೆಗಳ ಉಗ್ರಾಣದಲ್ಲಿದ್ದೆ. ಹಡಗು ಹತ್ತಿದವನಲ್ಲ. ಬಂದವರಿಗೆ ಕೋಟು, ಟೋಪಿ, ಗುಂಡಿ, ಬಿಲ್ಲೆ ಕೊಡುವುದಷ್ಟೇ ನನ್ನ ಕೆಲಸ. ಆಗ ಮೀನುಗಾರರನ್ನೂ ಮೀಸಲು ಪಡೆಗೆ ಸೇರಿಸಿಕೊಳ್ಳುತ್ತಿದ್ದರು. ವೈರಿಗಳು ನೀರಿನಲ್ಲಿ ಬಿಟ್ಟ ಸಿಡಿಗುಂಡುಗಳನ್ನು ತಂತಿ ಎಳೆದು ತೆಗೆಯುವ ದೋಣಿಗಳಿಗೆ ಅವರನ್ನು ಕಳಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ನಾನು ಈ ಕಡೆ ಬಂದು ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಕ್ಯಾಬಿನ್ನಿನ ಕೆಲಸ ಹಿಡಿದೆ. ಹಳೆಯ ಕೆಲಸದ ಸುದ್ದಿ ಹೇಗೋ ಹಬ್ಬಿತ್ತು. ಸೇಡಂ, ಚಿಂಚೋಳಿ ಕಡೆಯಿಂದಲೂ ಜನ ಅಂಗೈಯಲ್ಲಿ ಒಂದು ಗುಂಡಿ ಇಟ್ಟುಕೊಂಡು ಹುಡುಕಿ ಬರುತ್ತಿದ್ದರು. ದೇಶಾಂತರ ಹೋದ ಮಗನದಿರಬಹುದೇ, ತಮ್ಮನದಿರಬಹುದೇ ಎಂದು ಕೇಳುತ್ತಿದ್ದರು. ಹೆಚ್ಚಿನವು ಪೊಲೀಸರವೋ ಬ್ಯಾಂಡ್ ಬಾರಿಸುವವರವೋ ಆಗಿರುತ್ತಿದ್ದವು. ಅವರ ಎದುರು ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು.

ಮೈಸೂರು ರಾಜ್ಯಕ್ಕೆ ನಾವು ಸೇರಿ ಕೆಲವು ವರ್ಷವಾಗಿತ್ತು. ಕೆಟ್ಟ ಬೇಸಿಗೆ. ಜೊತೆಯವನು ಜ್ವರ ಬಂದು ಮಲಗಿದ್ದರಿಂದ ಅವನ ಪಾಳಿಯನ್ನೂ ನಾನೇ ಮಾಡಿ ಬೆಳಿಗ್ಗೆ ಮನೆಗೆ ಬಂದರೆ, ಹಣಮಂತ ಎಂಬವನು ಕಟ್ಟೆಯ ಮೇಲೆ ಕೂತಿದ್ದ. ಮಳಖೇಡದ ಆಚೆ ಕಾಗಿಣಾ ದಂಡೆಯ ಹಳ್ಳಿಯವನು, ಮೀನು ಹಿಡಿಯುವ ಮನೆತನ.

"ನನ್ನ ತಮ್ಮ ಸಾಬಣ್ಣ ಯುದ್ಧದಾಗ ಮುಂಬೈಗೆ ಹೋದಂವ ತಿರುಗಿ ಬಂದಿಲ್ರಿ" ಎಂದ. "ಈಗ ಅಲ್ಲಿಂದ ಒಬ್ಬಾತ ಒಂದು ಡಬ್ಬಿ ತಂದು ಕೊಟ್ಟಾನ. ಅವಗೂ ಅದು ಯಾರದೋ ಕೈಯಿಂದ ಬಂದದ್ದಂತ, ಬ್ಯಾರೆ ಏನೂ ಗೊತ್ತಿಲ್ಲಂತ. ನೀವು ಬಂದು ನೋಡ್ರಿ. ಅವನ ಮಗಳಿಗೆ ಗಂಡು ಗೊತ್ತಾಗ್ಯಾದ. ಅಪ್ಪ ಅದಾನೋ ಇಲ್ಲೋ ಅಂತ ಬೀಗರು ಕೇಳಲಿಕತ್ತಾರ. ಏನು ಹೇಳೋದು?"

ಡಬ್ಬಿಯನ್ನೇ ಇಲ್ಲಿಗೆ ತರಬಾರದಿತ್ತೇ ಎಂದೆ. ತಮ್ಮನ ಹೆಂಡತಿ ಭೀಮಬಾಯಿ ಅದನ್ನು ಮನೆಯಿಂದ ಹೊರಗೆ ಬಿಡುತ್ತಿಲ್ಲವಂತೆ. ಮಲಗಬೇಕೆಂದು ನನ್ನ ಮೈಯೆಲ್ಲ ಹೇಳುತ್ತಿತ್ತು. ಆದರೆ ಅವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಮಳಖೇಡದವರೆಗೆ ಪ್ಯಾಸೆಂಜರ್, ಅಲ್ಲಿಂದ ಬಂಡಿ. ದಾರಿಯುದ್ದಕ್ಕೂ ಅವನು ಏನೋ ಹೇಳುತ್ತಿದ್ದ, ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಮನೆ ಪರಸಿ ಕಲ್ಲಿನದು. ಒಳಗೆ ತಂಪಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಅಂಗೈಯಗಲದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಭೀಮಬಾಯಿ ಕಂಬಕ್ಕೆ ಆತು ಕೂತಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬರ್ರಿ ಅಣ್ಣಾ, ಕುಂದ್ರಿ" ಎಂದು ಭೀಮಬಾಯಿ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು.

ಒಳಗೆ ನಾಲ್ಕು ಗುಂಡಿ, ಒಂದು ಸಣ್ಣ ಹಿತ್ತಾಳೆ ಬಿಲ್ಲೆ. ಹೆಸರಿಲ್ಲ, ಬೇರೆ ಏನೂ ಇಲ್ಲ. ಗುಂಡಿಗಳ ಮೇಲೆ ಹಗ್ಗ ಸುತ್ತಿದ ಲಂಗರು, ಅದರ ಮೇಲೆ ಕಿರೀಟ. ಸ್ವಾತಂತ್ರ್ಯ ಬಂದ ಮೇಲಿನವಾದರೆ ಕಿರೀಟದ ಜಾಗದಲ್ಲಿ ಸಿಂಹಗಳಿರಬೇಕು. ಆದ್ದರಿಂದ ಇವು ಯುದ್ಧಕಾಲದವೇ. ಬಿಲ್ಲೆ ಮೀಸಲು ಪಡೆಯದು. ಗುಂಡಿಗಳು ಒಂದೇ ಪಕ್ಕಕ್ಕೆ ಸವೆದಿದ್ದವು. ಹಗ್ಗವನ್ನು ಎದೆಗೆ ಆನಿಸಿ ಎಳೆಯುವ ಮೀನುಗಾರರ ಗುಂಡಿಗಳು ಹಾಗೆ ಸವೆಯುತ್ತಿದ್ದವು. ನಾನು ಹೇಳಬಹುದಾದದ್ದು ಅಷ್ಟೇ. ಅಂಥವರು ನೂರಾರು ಜನ ಇದ್ದರು. ಇವು ಸಾಬಣ್ಣನವೇ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಅದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತ ಒಂದು ಗುಂಡಿಯನ್ನು ಬೆರಳ ನಡುವೆ ತಿರುಗಿಸುತ್ತಿದ್ದೆ. ಅದು ಬೇಸಿಗೆಗೆ ತಕ್ಕಂತಿರಲಿಲ್ಲ, ಬಹಳ ತಣ್ಣಗಿತ್ತು.

ಆಮೇಲಿನದು ನನಗೆ ನೆನಪಿಲ್ಲ.

ಮುಂದೆ ನೆನಪಿರುವುದು ಬಿಸಿಲು. ನನ್ನ ಮುಂದಿದ್ದ ಆ ಬಿಸಿಲಿನ ತುಂಡು ಅಷ್ಟು ದೂರದ ಗೋಡೆಯನ್ನು ಹತ್ತಿತ್ತು. ನೆಲದ ಮೇಲೆ ಹಸಿರು ಬಳೆಯ ಚೂರುಗಳು ಬಿದ್ದಿದ್ದವು. ಭೀಮಬಾಯಿ ಕಂಬವನ್ನು ತಬ್ಬಿಕೊಂಡು ಅಳುತ್ತಿದ್ದಳು. ಬಾಗಿಲಲ್ಲಿ ಓಣಿಯ ಜನ ನಿಂತಿದ್ದರು. ಹಣಮಂತ ನನ್ನ ಕಾಲು ಹಿಡಿದುಕೊಂಡಿದ್ದ. ನನ್ನ ಗಂಟಲು ಒಣಗಿ ಉರಿಯುತ್ತಿತ್ತು.

"ಏನಾಯ್ತು?" ಎಂದೆ.

"ನೀವೇ ಹೇಳಿದಿರಲ್ರಿ" ಎಂದ ಹಣಮಂತ. "ನಮ್ಮ ಸಾಬಣ್ಣನ ಮಾತಿನಾಗೇ ಹೇಳಿದಿರಿ. ತಂತಿ ಎಳೆಯೋವಾಗ ಕಾಲು ಸಿಕ್ಕೊಂಡಿತು, ನೀರು ಭಾಳ ತಂಪಿತ್ತು, ಇನ್ನ ದಾರಿ ನೋಡಬ್ಯಾಡ್ರಿ ಅಂದ್ರಿ. ಕೂಸಿನ ಹಿಮ್ಮಡ ಮಾಯ್ತೇನು ಅಂತ ಕೇಳಿದ್ರಿ."

ಸಾಬಣ್ಣ ಊರು ಬಿಡುವ ವಾರ, ಅಂಬೆಗಾಲಿಡುತ್ತಿದ್ದ ಮಗಳು ಒಲೆಯ ಕೆಂಡಕ್ಕೆ ಕಾಲು ಕೊಟ್ಟು ಹಿಮ್ಮಡಿ ಸುಟ್ಟುಕೊಂಡಿದ್ದಳಂತೆ. ನಾನು ಬಾಗಿಲ ಕಡೆ ನೋಡಿದೆ. ಆ ಹುಡುಗಿ ಮೆಲ್ಲಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ನಾನು ಹೆದರಿದೆ. ಆ ಹೆದರಿಕೆ ದೆವ್ವದ್ದಲ್ಲ, ಬಳೆಯ ಚೂರುಗಳದ್ದು. "ನನ್ನ ಮಾತು ನಂಬಬೇಡಿ. ಎರಡು ಪಾಳಿ ನಿದ್ದೆಗೆಟ್ಟವನು, ಕೂತಲ್ಲೇ ಕಣ್ಣು ಮುಚ್ಚಿ ಏನೋ ಬಡಬಡಿಸಿರಬೇಕು. ಈ ಗುಂಡಿ ಯಾರದಾದರೂ ಇರಬಹುದು" ಎಂದೆ.

"ಈಗ್ಯಾಕ ಹಿಂದ ಸರೀತೀರಿ?" ಎಂದು ಹಣಮಂತ ಸಿಟ್ಟಾದ.

"ಬಿಡ್ರಿ ಭಾವಾ" ಎಂದಳು ಭೀಮಬಾಯಿ. "ಅಣ್ಣಾವ್ರಿಗೆ ಗೊತ್ತಿಲ್ಲ. ಅಂವ ನನಗ ಕರೀತಿದ್ದ ಹೆಸರು ಬ್ಯಾರೆ ಇತ್ತು. ಅದು ಮಂದಿಗೆ ಗೊತ್ತಿಲ್ಲ, ನಿಮಗೂ ಗೊತ್ತಿದ್ದಿಲ್ಲ. ಆ ಹೆಸರು ಹಿಡಿದು ಕರೆದ."

ಯಾವ ಹೆಸರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಬಾಯಿಂದಲೇ ಬಂದ ಆ ಹೆಸರು ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅವರು ಸಾಬಣ್ಣನ ದಿನ ಮಾಡಿದರು. ಮಗಳ ಮದುವೆಯಲ್ಲಿ ಹಣಮಂತ ಮತ್ತು ಅವನ ಹೆಂಡತಿ ಕೂತು ಧಾರೆ ಎರೆದರಂತೆ. ನನ್ನನ್ನು ಕರೆದಿದ್ದರು, ನಾನು ಹೋಗಲಿಲ್ಲ. ರೈಲ್ವೆಯ ಡಾಕ್ಟರರಿಗೆ ಹೇಳಿದಾಗ, ನಿದ್ದೆಗೆಟ್ಟವರು ಎಚ್ಚರವಿದ್ದಂತೆ ಮಾತಾಡುವುದುಂಟು ಎಂದರು. ಇರಬಹುದು. ಉಗ್ರಾಣದಲ್ಲಿ ಕೋಟು ಇಸಿದುಕೊಳ್ಳಲು ಬಂದ ಸಾಬಣ್ಣ ನಮ್ಮ ಕಡೆಯ ಕನ್ನಡ ಕೇಳಿ ನನ್ನೆದುರು ಕೂತು ಕೂಸಿನ ಸುದ್ದಿ ಹೇಳಿರಬಹುದು, ನಾನು ಮರೆತಿರಬಹುದು ಎಂದೂ ಸಮಾಧಾನ ಮಾಡಿಕೊಂಡೆ. ಆದರೆ ಹೆಂಡತಿಯನ್ನು ಕರೆಯುವ ಗುಟ್ಟಿನ ಹೆಸರನ್ನು ಬಟ್ಟೆ ಕೊಡುವವನಿಗೆ ಯಾರು ಹೇಳುತ್ತಾರೆ? ಅವನು ಸತ್ತ ಬಗೆಯನ್ನು ಅವನೇ ಬಂದು ಹೇಳಿರಲು ಹೇಗೆ ಸಾಧ್ಯ? ಆಮೇಲೆ ಯಾರು ಗುಂಡಿ ತಂದರೂ ಕೈಗೆ ತೆಗೆದುಕೊಳ್ಳುವುದನ್ನು ಬಿಟ್ಟೆ. ನೆಲದ ಮೇಲೆ ಇಡಿಸಿ ನೋಡುತ್ತಿದ್ದೆ.

ಬಹಳ ವರ್ಷಗಳಾದ ಮೇಲೆ, ರಾಜ್ಯದ ಹೆಸರು ಕರ್ನಾಟಕ ಎಂದಾದ ಹೊತ್ತಿಗೆ, ಒಂದು ಮಧ್ಯಾಹ್ನ ಭೀಮಬಾಯಿ ಒಬ್ಬಳೇ ವಾಡಿಗೆ ಬಂದಳು. ಶಹಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ ಒಂದು ಗುಂಡಿ ತೆಗೆದಳು.

"ಇದನ್ನ ಒಮ್ಮೆ ಹಿಡೀರಿ ಅಣ್ಣಾ. ಅವತ್ತು ಅಳೋದರಾಗ ಒಂದು ಮಾತು ಕೇಳೋದು ಉಳೀತು."

"ಏನು ಮಾತು?"

"ಹೋಗೋ ದಿನ ಜಗಳ ಆಗಿತ್ರಿ. ಉಣದೇ ಎದ್ದು ಹೋದ. ಆ ಸಿಟ್ಟು ಹೋಯ್ತೇನು ಅಂತ."

ಬೇಡವೆನ್ನಲು ಆಗಲಿಲ್ಲ. ಗುಂಡಿ ಹಿಡಿದು ಕಣ್ಣು ಮುಚ್ಚಿದೆ. ಅವತ್ತೂ ನಾನು ಕೆಲಸ ಮುಗಿಸಿ ದಣಿದಿದ್ದೆ, ನಿದ್ದೆ ಕಣ್ಣಿನ ತುದಿಯಲ್ಲೇ ಇತ್ತು. ಏನೂ ಬರಲಿಲ್ಲ. ಗುಂಡಿ ಅವಳ ಸೆರಗಿನಲ್ಲಿದ್ದು ಬೆಚ್ಚಗಿತ್ತು. ದೂರದಲ್ಲಿ ಇಂಜಿನ್ನು ನೀರು ಕುಡಿಯುವ ಸದ್ದು, ಚಹಾದವನ ಕೂಗು, ಅಷ್ಟೇ. ನಾನು ಕಾದೆ. ಅವಳೂ ಉಸಿರು ಬಿಗಿಹಿಡಿದು ಕಾದಳು. ಅವಳ ರೈಲಿಗೆ ಗಂಟೆ ಹೊಡೆದರು.

ಇನ್ನು ಅವಳನ್ನು ಹಾಗೆ ಕಾಯಿಸಲು ನನ್ನಿಂದಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ, ದನಿ ತಗ್ಗಿಸಿ, "ಸಿಟ್ಟು ಅವತ್ತೇ ಹೋಯ್ತು" ಎಂದೆ.

ಅವಳು ನನ್ನ ಬೆರಳುಗಳನ್ನು ಬಿಡಿಸಿ ಗುಂಡಿಯನ್ನು ಮೆಲ್ಲಗೆ ತೆಗೆದುಕೊಂಡಳು.

"ಬ್ಯಾಡ್ರಿ ಅಣ್ಣಾ" ಎಂದಳು. "ಇದು ನೀವು."