ಎವಾರಿಸ್ತೊ ಎಸೆಯದ ಚೆಂಡು

ಎವಾರಿಸ್ತೊ ಪೆಗೆರೊ ಹನ್ನೊಂದು ವರ್ಷ ಸಕ್ಕರೆ ಕಾರ್ಖಾನೆಯೂರಿನ ಬೇಸ್‌ಬಾಲ್ ತಂಡದಲ್ಲಿ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಕಾವಲು ನಿಂತವನು. ಬ್ಯಾಟು ಹಿಡಿದರೆ ಸಾಧಾರಣ ಆಟಗಾರ. ಆದರೆ ಅವನ ಕಡೆ ಹೊಡೆದ ಚೆಂಡು ಅವನನ್ನು ದಾಟಿ ಹೋದದ್ದನ್ನು ಕಂಡವರು ಕಡಿಮೆ. ಊರವರ ಬಾಯಲ್ಲಿ ಅವನ ಹೆಸರೇ 'ಗೋಡೆ'. ಆ ಗೋಡೆಗೆ ಪ್ರತಿ ಆಟದ ಬೆಳಿಗ್ಗೆ ಭಯದಿಂದ ವಾಂತಿಯಾಗುತ್ತದೆಂಬುದು ಹೆಂಡತಿ ಇಲುಮಿನಾದಾಳಿಗೆ ಮಾತ್ರ ಗೊತ್ತಿತ್ತು.

ಭಯ ಹಳೆಯದು. ಅವನಿಗೆ ಒಂಬತ್ತು ವರ್ಷವಿದ್ದಾಗ, ಕಬ್ಬಿನ ಗಾಡಿಗಳು ನಿಲ್ಲುವ ಬಯಲಿನಲ್ಲಿ, ಕಲ್ಲಿಗೆ ತಾಗಿ ಪುಟಿದ ಚೆಂಡು ಅಣ್ಣ ನೋಲ್ಬೆರ್ತೊನ ಎಡಗಣ್ಣು ತೆಗೆದಿತ್ತು. ಅಂದಿನಿಂದ ಆಟಕ್ಕೆ ಮುಂಚೆ ತನ್ನ ಜಾಗದ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕುವುದು ಎವಾರಿಸ್ತೊನ ರೂಢಿ. ಜನ ಅದನ್ನು ಶ್ರದ್ಧೆ ಎಂದರು. ಅವನೂ ಅಲ್ಲವೆನ್ನಲಿಲ್ಲ.

ಮೂವತ್ತೆರಡನೆಯ ವಯಸ್ಸಿನಲ್ಲಿ ಆ ಭಯ ಕೈಗಿಳಿಯಿತು. ಜನವರಿಯ ಅಂತಿಮ ಪಂದ್ಯಗಳಲ್ಲಿ ಕೊನೆಯದಕ್ಕೆ ಹಿಂದಿನ ಆಟ. ಮಕ್ಕಳೂ ಹಿಡಿಯಬಹುದಾದ ಚೆಂಡು ಉರುಳಿ ಬಂತು. ಹಿಡಿದು, ಹೊಡೆದವನು ಓಡಿ ತಲುಪುವ ಮೊದಲೇ ಮೊದಲ ಬೇಸ್‌ಗೆ ಎಸೆಯಲು ಕೈಯೆತ್ತಿದ. ಬಿಡಬೇಕಾದ ಗಳಿಗೆಯಲ್ಲಿ ಬೆರಳು ಬಿಡಲಿಲ್ಲ. ಬಿಟ್ಟಾಗ ಚೆಂಡು ಜನರೊಳಗೆ ಹಾರಿ, ಕಡಲೆಕಾಯಿ ಮಾರುವ ಮುದುಕಿ ಕ್ರಿಸಾಂತಾಳ ಹಣೆಗೆ ಬಡಿಯಿತು. ಬುಟ್ಟಿಯ ಸಮೇತ ಆಕೆ ಮೆಟ್ಟಿಲ ಮೇಲೆ ಉರುಳಿದ್ದನ್ನು ಅವನು ನಿಂತಲ್ಲಿಂದಲೇ ನೋಡಿದ.

ಆ ಆಟ ಸೋತದ್ದರಿಂದ ಗೆಲುವಿನ ಲೆಕ್ಕದಲ್ಲಿ ಎರಡು ತಂಡಗಳೂ ಸಮನಾದವು; ಭಾನುವಾರದ ಕೊನೆಯ ಆಟವೇ ತೀರ್ಮಾನ. ಮರುದಿನ ಕ್ಷಮೆ ಕೇಳಲು ಹೋದರೆ ಕ್ರಿಸಾಂತಾ ಹಣೆಗೆ ಆರು ಹೊಲಿಗೆ ಹಾಕಿಸಿಕೊಂಡು ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಳು.

"ಸತ್ತಿಲ್ಲ ಮಗಾ, ಹೆಣ ನೋಡೋಕೆ ಬಂದೋನ ಹಾಗೆ ನಿಲ್ಬೇಡ. ಭಾನುವಾರ ನಾನು ಬೇರೆ ಕಡೆ ಕೂತ್ಕೋತೀನಿ, ನೀನೂ ಬೇರೆ ಕಡೆ ಎಸಿ," ಎಂದಳು.

ಅವನಿಗೆ ನಗು ಬರಲಿಲ್ಲ. ಮನೆಯ ಹಿತ್ತಿಲಲ್ಲಿ ದೀವಿಹಲಸಿನ ಮರಕ್ಕೆ ಗುರಿಯಿಟ್ಟು ಹತ್ತು ಸಲ ಎಸೆದ. ಏಳು ಸಲ ಚೆಂಡು ಮರವನ್ನೇ ಮುಟ್ಟಲಿಲ್ಲ. ಭುಜ ನೋವೆಂದು ಸುಳ್ಳು ಹೇಳಿ ಆಟ ತಪ್ಪಿಸಿಕೊಳ್ಳುವುದೆಂದು ನಿಶ್ಚಯಿಸಿ, ಕಾರ್ಖಾನೆಯಲ್ಲಿ ಕಬ್ಬು ತೂಗುತ್ತಿದ್ದ ಅಣ್ಣನ ಬಳಿ ಹೋದ.

"ಹೆದ್ರಿಕೆ ಆಗ್ತಿದೆ ಅಣ್ಣ. ಮೊದ್ಲಿಂದ್ಲೂ ಆಗ್ತಿತ್ತು, ಹೇಳಿರ್ಲಿಲ್ಲ."

"ನಂಗೊತ್ತಿಲ್ವೇನೋ? ನೀನು ಕಲ್ಲು ಹೆಕ್ಕೋದು ಕಾಣೋಕೆ ಒಂದು ಕಣ್ಣು ಸಾಕು," ಎಂದ ನೋಲ್ಬೆರ್ತೊ. ತೂಕದ ಚೀಟಿ ಬರೆದು ಪಕ್ಕಕ್ಕಿಟ್ಟ. "ಆವತ್ತು ಕಲ್ಲಿನ ತಪ್ಪಲ್ಲ ಕಣೋ. ಚೆಂಡು ಬರ್ತಿದ್ದಂಗೆ ಹೆದ್ರಿ ಕಣ್ಣು ಮುಚ್ಕೊಂಡೆ, ಪಕ್ಕಕ್ಕೆ ಸರಿಯೋಕಾಗ್ಲಿಲ್ಲ. ನೀನು ಹೆದ್ರಿದ್ರೂ ಕಣ್ಣು ಬಿಟ್ಕೊಂಡೇ ಇರ್ತೀಯ. ಹೋಗಿ ಆಡು."

ಭಾನುವಾರ ಮಧ್ಯಾಹ್ನ ಆಡಿದ. ಎಂಟು ಸರದಿಗಳವರೆಗೂ ತನ್ನ ಕಡೆ ಚೆಂಡು ಬಾರದಿರಲೆಂದು ಮೇರಿ ಮಾತೆಗೆ ಮೊರೆಯಿಟ್ಟ. ಬರಲಿಲ್ಲ. ಒಂಬತ್ತನೆಯ, ಕೊನೆಯ ಸರದಿಯಲ್ಲಿ ಇವರು ಒಂದೇ ಓಟದಿಂದ ಮುಂದಿದ್ದರು. ಎದುರಾಳಿಗಳಲ್ಲಿ ಒಬ್ಬ ಮೊದಲ ಬೇಸ್‌ನಲ್ಲಿ, ಇನ್ನೊಬ್ಬ ಮೂರನೆಯದರಲ್ಲಿ ಕಾದಿದ್ದರು. ಎದುರಾಳಿಗಳಲ್ಲಿ ಯಾರೇ ಒಬ್ಬ ಔಟಾದರೂ ಆಟ ಮುಗಿದಂತೆ. ಆಗ ಚೆಂಡು ನೇರ ಅವನತ್ತಲೇ ಬಂತು.

ಹಿಡಿದ. ದೂರದ ಮೊದಲ ಬೇಸ್‌ನಲ್ಲಿ ಚಾಚಿದ್ದ ಗ್ಲೌಸು ಕಾಸಿನಷ್ಟು ಚಿಕ್ಕದಾಗಿ ಕಂಡಿತು. ಅದರ ಹಿಂದೆ ಜನ, ಬರೀ ಜನ. ಕೈ ಮೇಲೇಳಲಿಲ್ಲ. ಎರಡನೆಯ ಬೇಸ್‌ನಲ್ಲಿ ಜೊತೆಗಾರ ಕೂಗುತ್ತಿದ್ದ. ಅವನಿಗೆ ಎಸೆಯಲೂ ಧೈರ್ಯವಾಗಲಿಲ್ಲ. ಚೆಂಡನ್ನು ಎದೆಗವಚಿಕೊಂಡು ತಾನೇ ಎರಡನೆಯ ಬೇಸ್‌ಗೆ ಓಡಿದ. ಓಡಿ ಬರುವವನಿಗಿಂತ ಮೊದಲು ಚೆಂಡಿನೊಡನೆ ಬೇಸ್ ಮುಟ್ಟಿದರೂ ಅವನು ಔಟೇ. ಮೊದಲ ಬೇಸ್‌ನಿಂದ ಹೊರಟವನು ಮುಳ್ಳು ಬೂಟನ್ನು ಮುಂದೆ ಚಾಚಿ ಜಾರಿ ಬರುತ್ತಿದ್ದ. ಎವಾರಿಸ್ತೊನ ಕಾಲು ಮೊದಲು ಬೇಸ್‌ಗೆ ತಾಗಿತು. ಮರುಕ್ಷಣ ಮುಳ್ಳು ಅವನ ಮೀನಖಂಡವನ್ನು ಸೀಳಿತು. ಔಟ್.

ಇಂಥ ಚಾಣಾಕ್ಷತನ ಕಂಡಿಲ್ಲವೆಂದು ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ಆಮೇಲೆ ಅವನು ಎಸೆತ ಗಿಡ್ಡವಾಗಿರುವ ಎರಡನೆಯ ಬೇಸ್‌ನ ಕಾವಲನ್ನು ಕೇಳಿ ಪಡೆದು, ಇನ್ನೂ ಎರಡು ವರ್ಷ ಆಡಿ ನಿಲ್ಲಿಸಿದ. ಬೀಳ್ಕೊಡುಗೆಯ ದಿನ ರೇಡಿಯೋದವನು, ಆ ಉಪಾಯ ಹೇಗೆ ಹೊಳೆಯಿತೆಂದು ಕೇಳಿದ. ಎಸೆಯಲು ಹೆದರಿಕೆಯಾಗಿತ್ತು, ಅದಕ್ಕೇ ಓಡಿದೆ ಎಂದು ಎವಾರಿಸ್ತೊ ಇದ್ದದ್ದನ್ನೇ ಹೇಳಿದ. ದೊಡ್ಡವರ ವಿನಯವೇ ಹೀಗೆ ಎಂದು ರೇಡಿಯೋದವನು ನಕ್ಕುಬಿಟ್ಟ.

ಯಾರೂ ನಂಬಲಿಲ್ಲವೆಂದು ಮನೆಗೆ ಬಂದು ಕೊರಗಿದ. ಇಲುಮಿನಾದಾ ಬೆಂದ ಬಾಳೆಕಾಯಿ ಹಿಸುಕುತ್ತ ತಲೆಯೆತ್ತದೆ ಹೇಳಿದಳು:

"ನಂಬಿದ್ರೆ ನಿನ್ನ ಹದಿಮೂರು ವರ್ಷ ಆಡೋಕೆ ಬಿಡ್ತಿದ್ರಾ?"